ಪಂಚಾಂಗದಲ್ಲಿಲ್ಲದ ಅತ್ತೆ ಮಳೆ

ಕುಂದಾಪುರ, ಹೊರಡುವ ಮೊದಲು

ನಮ್ಮ ಕಡೆಯವರಿಗೆ ಪರದೇಶ ಎರಡು. ಒಂದು ದುಬೈ, ಇನ್ನೊಂದು ಘಟ್ಟದ ಮೇಲೆ. ದುಬೈಗೆ ಹೊರಟವರನ್ನು ಯಾರೂ ಏನೂ ಕೇಳುವುದಿಲ್ಲ. ಮನೆಗೊಬ್ಬರು ಅಲ್ಲಿದ್ದಾರೆ. ಪಾವಗಡಕ್ಕೆ ಹೊರಟಿದ್ದೇನೆ ಎಂದಾಗ ಮಾತ್ರ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಎಲ್ಲರೂ ಒಮ್ಮೆಲೇ ತಲೆಯೆತ್ತಿದರು. "ಅಲ್ಲಿ ಎಂತ ಇತ್ತ್ ಮಾರಾಯ್ತಿ?" ಏನು ಒಯ್ಯುತ್ತಿದ್ದೇನೆ ಎಂದು ಹೇಳಿದ ಮೇಲಂತೂ ಅವರ ನಗು ಕಾರಿಡಾರಿನ ಕೊನೆಯವರೆಗೆ ಕೇಳಿಸಿತು. ಮಳೆ ಅಳೆಯುವ ಡಬ್ಬಿ!

ಬಹಳ ವರ್ಷ ನನ್ನ ತಾರಸಿಯ ಮೇಲಿದ್ದ ಡಬ್ಬಿ ಅದು. ಹೊರಗೆ ತಗಡು, ಬಾಯಿಗೆ ಹಿತ್ತಾಳೆಯ ಬಳೆ, ಒಳಗೊಂದು ಆಲಿಕೆ, ಆಲಿಕೆಯ ಕೆಳಗೆ ಬಾಟಲಿ. ಬೆಳಿಗ್ಗೆ ಬಾಟಲಿಯ ನೀರನ್ನು ಗೀಟು ಹಾಕಿದ ಗಾಜಿನ ಅಳತೆಗೆ ಸುರಿದರೆ ಹಿಂದಿನ ದಿನದ ಮಳೆ ಎಷ್ಟೆಂದು ಗೊತ್ತಾಗುತ್ತದೆ. ನಮ್ಮಲ್ಲಿ ಆಷಾಢದಲ್ಲಿ ಅದು ತುಂಬಿ ಹೊರಚೆಲ್ಲಿ ಲೆಕ್ಕವೇ ಕೆಡುತ್ತದೆ. ಹೊಸದೊಂದನ್ನು ತಂದ ಮೇಲೆ ಹಳೆಯದು ಕೆಲಸವಿಲ್ಲದೆ ಕುಳಿತಿತ್ತು.

ಅದನ್ನು ಕೇಳಿದವಳು ಪಾವಗಡದ ಕಡೆಯ ಸುಜಾತಾ. ಎರಡು ವರ್ಷದ ಹಿಂದೆ ಕೊಲ್ಲೂರಿಗೆ ಬಂದಿದ್ದ ಅವರ ಹೆಂಗಸರ ಸಂಘದ ಬಸ್ಸು ನಮ್ಮ ಮನೆಯೆದುರು ಕೆಟ್ಟು ನಿಂತಾಗ ನೀರು ಕೇಳಲು ಒಳಗೆ ಬಂದವಳು, ಸಂಜೆಯವರೆಗೂ ನನ್ನ ತಾರಸಿಯ ಮೇಲೆ ನೆನೆಯುತ್ತ ನಿಂತಿದ್ದಳು. ಸುರಿಯುವ ಮಳೆಯನ್ನು ಬಿಟ್ಟು ಡಬ್ಬಿಯನ್ನೇ ನೋಡುತ್ತಿದ್ದಳು. "ಇದೊಂದಿದ್ರೆ ನಮ್ಮೂರಾಗೆ ಅರ್ಧ ಜಗಳ ನಿಂತೋಗ್ತೈತೆ ಕಣಕ್ಕ. ನಿನ್ನೆ ಬಂದಿದ್ದು ಬಿತ್ತೋ ಮಳೆನಾ ಅಲ್ವಾ ಅನ್ನೋದೇ ಜಗಳ."

ಈ ಜುಲೈನಲ್ಲಿ ಅವಳು ಫೋನ್ ಮಾಡಿದಾಗ ದನಿಯಲ್ಲಿ ತಮಾಷೆ ಇರಲಿಲ್ಲ. ಜೂನಿನ ಮೃಗಶಿರ ಮಳೆಗೆ ಊರವರೆಲ್ಲ ಕಡಲೆಕಾಯಿ ಬಿತ್ತಲು ಓಡಿದ್ದರು. ಇವಳು ಬೇಡ ಎಂದಿದ್ದಳು. ಇವಳ ಸಂಘದ ಹನ್ನೆರಡು ಮನೆಯವರು ಇವಳ ಮಾತು ಕೇಳಿ ತಡೆದಿದ್ದರು. ಬಿತ್ತಿದವರ ಪೈರು ಮೊಳೆತು ಒಣಗಿತು. ಅಲ್ಲಿಗೆ ಗೆದ್ದದ್ದು ಇವಳೇ. ಆದರೆ ಈ ಹನ್ನೆರಡು ಮನೆಯವರೂ ಬೀಜ ಸುಲಿದಿಟ್ಟು ಕುಳಿತಿದ್ದಾರೆ. ಸುಲಿದ ಬೀಜ ಮುಂದಿನ ವರ್ಷಕ್ಕೆ ಹುಟ್ಟುವುದಿಲ್ಲ. ಒಂದೇ ಬಿತ್ತನೆಗೆ ಆಗುವಷ್ಟಿದೆ. ಈಗ ನಡೆಯುತ್ತಿರುವುದು ಪುಷ್ಯ. ಮುಂದಿನ ಆಶ್ಲೇಷ ಮಳೆಯೊಳಗೆ ಬಿತ್ತದಿದ್ದರೆ ಕಡಲೆಕಾಯಿಯ ಮಾತು ಮುಗಿಯಿತು.

"ಬೇಗ ಬಿತ್ತಿದ್ರೆ ಒಣಗ್ತೈತೆ, ಕಾದ್ರೆ ಕಾಲ ಮುಗಿತೈತೆ. ಯಾವತ್ತು ಬಿತ್ತೋದು ಅಂತ ನನ್ ಬಾಯೇ ನೋಡ್ತಾವ್ರೆ ಅಕ್ಕ. ಡಬ್ಬಿ ಕೊಡ್ತೀರಾ?"

ಕೊಡುವುದೇನು, ನಾನೇ ತರುತ್ತೇನೆ ಎಂದೆ.

ಕೊರಟಗೆರೆ, ಅಂದರೆ ಗೊರವನಹಳ್ಳಿ

ಕೊರಟಗೆರೆಯಲ್ಲಿ ಮಧುಗಿರಿಯ ಬಸ್ಸು ಹಿಡಿಯಬೇಕಿತ್ತು. ಅಂದು ಶುಕ್ರವಾರ. ನನ್ನ ತೋಳಿನಲ್ಲಿದ್ದ ಮರದ ಪೆಟ್ಟಿಗೆಯಿಂದ ಬಾಯಿ ಹೊರಹಾಕಿದ್ದ ಡಬ್ಬಿಯನ್ನು ನೋಡಿದ ಕಂಡಕ್ಟರ್ ನಾನು ಬಾಯಿ ತೆರೆಯುವ ಮೊದಲೇ "ಲಕ್ಷ್ಮಮ್ಮನ ಗುಡಿಗೆ ತಾನೇ, ಹತ್ತಿ ಹತ್ತಿ" ಎಂದು ಮೇಲೆಳೆದುಕೊಂಡ. ಬಸ್ಸು ತುಂಬ ಹೂ ಮುಡಿದ ಹೆಂಗಸರು. ಹಾಗೆ ನಾನು ಹೋಗಬಾರದ ದಿಕ್ಕಿಗೆ, ಗೊರವನಹಳ್ಳಿಗೆ, ಬಹಳ ಖುಷಿಯಿಂದ ಹೋದೆ.

ಪಕ್ಕದಲ್ಲಿ ಕುಳಿತವರು ಹೊಳವನಹಳ್ಳಿ ಕಡೆಯ, ಕನಕಾಂಬರ ಬೆಳೆಯುವ ಹೆಂಗಸು. ಡಬ್ಬಿಯ ಹಿತ್ತಾಳೆ ಬಾಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. ನಾನು ಬಾಯಿ ತೆರೆಯುವಷ್ಟರಲ್ಲಿ ಒಂದು ರೂಪಾಯಿಯ ನಾಣ್ಯ ಆಲಿಕೆಯೊಳಗೆ ಟಣ್ ಎಂದು ಬಿದ್ದು ಬಾಟಲಿಗಿಳಿಯಿತು. "ನಮ್ ಕಡೆಯಿಂದ್ಲೂ ಒಂದು ಇರ್ಲಿ ಕಣಮ್ಮ."

"ಇದು ಹುಂಡಿ ಅಲ್ಲಮ್ಮ, ಮಳೆ ಅಳೆಯೋದು."

"ಮಳೆ ಅಳೆಯೋದಾ!" ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನಾನು ಮದ್ವೆ ಆಗಿ ಬಂದಾಗ ಇದನ್ನ ತಂದಿದ್ರೆ ಸರಿ ಇತ್ತು. ಆವಾಗ ಮಳೆ ಹಿಡ್ಕಂಡ್ರೆ ತಿಂಗ್ಳು ಬುಡ್ತಿರ್ಲಿಲ್ಲ. ಈಗ ಎಲ್ಲೈತೆ?" ಗುಡಿ ಬರುವವರೆಗೆ ಆ ಕಾಲದ ಕತೆ ಹೇಳಿದರು. ಅದರ ನಡುವೆ, ಅದೇ ಮದುವೆಯಾದ ವರ್ಷ, ಹೊತ್ತು ಮೂಡುವ ಮೊದಲೇ ಎರಡು ಬಿಂದಿಗೆ ನೀರಿಗೆ ಇನ್ನೊಂದು ಊರಿನವರೆಗೆ ನಡೆದು ಹೋಗುತ್ತಿದ್ದದ್ದನ್ನೂ ಹೇಳಿದರು. ತಿಂಗಳುಗಟ್ಟಲೆಯ ಮಳೆ, ನೀರಿಲ್ಲದ ಬಿಂದಿಗೆ, ಎರಡೂ ಒಂದೇ ವರ್ಷದಲ್ಲಿ. ಅವರಿಗೆ ಅದರಲ್ಲಿ ತೊಡಕೇನೂ ಕಾಣಲಿಲ್ಲ. ನಾನೂ ಬಿಡಿಸಿ ಕೇಳಲಿಲ್ಲ. ನನ್ನ ನೆನಪೂ ಹೀಗೆಯೇ ಅಲ್ಲವೇ? ಸಿಕ್ಕಿದ್ದನ್ನೆಲ್ಲ ಒಂದೇ ಮಡಿಕೆಯಲ್ಲಿ ಇಡುತ್ತದೆ.

ನಾಣ್ಯವನ್ನು ಆಮೇಲೆ ತೆಗೆದರಾಯಿತು ಎಂದು ಬಿಟ್ಟೆ. ಇದನ್ನು ಇಲ್ಲಿ ಬರೆದಿಡುತ್ತೇನೆ. ಮುಂದೆ ಆದದ್ದಕ್ಕೆಲ್ಲ ಮೂಲ ಈ ಸೋಮಾರಿತನ.

ಮಧುಗಿರಿ

ಮಧುಗಿರಿಯಲ್ಲಿ ಎಲ್ಲಿ ನಿಂತರೂ ಬೆಟ್ಟ ಎದುರಿಗೇ ಬರುತ್ತದೆ. ಬೆಟ್ಟವೆಂದರೆ ಒಂದೇ ಬಂಡೆ. ಕರಾವಳಿಯ ಕಣ್ಣಿಗೆ ಅದರ ಮೇಲೆ ಪಾಚಿ ಇಲ್ಲದಿರುವುದೇ ದೊಡ್ಡ ಅಚ್ಚರಿ. ನಮ್ಮಲ್ಲಿ ಕಾಂಪೌಂಡ್ ಗೋಡೆಗೂ ಹಸಿರು ಮೀಸೆ ಬಂದಿರುತ್ತದೆ.

ಬಸ್ ನಿಲ್ದಾಣದ ಚಹಾ ಅಂಗಡಿಯಲ್ಲಿ ಯೂನಿಫಾರ್ಮ್ ತೊಟ್ಟ ಇಬ್ಬರು ಹುಡುಗಿಯರು ಡಬ್ಬಿಯ ಬಗ್ಗೆ ಕೇಳಿದರು. ಹೇಳಿದೆ. ಮಾತಿಗೆ ಮಾತು ಬಂದು, ನಮ್ಮೂರಿನಲ್ಲಿ ಮಳೆ ಜೋರಾದರೆ ಶಾಲೆಗೆ ರಜೆ ಕೊಡುತ್ತಾರೆ ಎಂದೆ.

"ಮಳೆ ಬಂದ್ರೆ ರಜೆನಾ?" ಒಬ್ಬಳು ಇನ್ನೊಬ್ಬಳನ್ನು ನೋಡಿದಳು. "ಲೇ, ನಮ್ಗೆ ಅಂಗೆ ಮಾಡಿದ್ರೆ ರಜೇನೇ ಸಿಗಲ್ಲ ಕಣೇ!"

ಚಹಾ ಸೋಸುತ್ತಿದ್ದವರು ನಗಲಿಲ್ಲ. "ಅಂಗೇನಿಲ್ಲ ಕಣಮ್ಮ. ಬರೋದು ಬರ್ತೈತೆ. ಮೊದ್ಲು ನೂಲು ತೆಗೆದಂಗೆ ಬರ್ತಿತ್ತು. ಈಗ ಹಗ್ಗ ಬಿಸಾಕ್ದಂಗೆ ಬಂದು ಹೋಗ್ಬುಡ್ತೈತೆ. ಆಮೇಲೆ ಇಪ್ಪತ್ತು ದಿನ ಪತ್ತೇನೇ ಇಲ್ಲ. ಕಿತ್ತು ಹಾಕಿರೋ ಕಾಯಿ ಮ್ಯಾಲೆ ಬಂದು ಸುರಿತೈತೆ. ಹೊಲದಾಗೇ ಮೊಳಕೆ!" ಸೋಸಣಿಗೆಯನ್ನು ಎತ್ತಿ ಹಿಡಿದು, ಒಂದೇ ಸಲಕ್ಕೆ ಚಹಾ ಸುರಿದು ತೋರಿಸಿದರು. ಅರ್ಧ ಲೋಟದ ಹೊರಗೆ ಹೋಯಿತು.

ಕಾಲೇಜಿನಲ್ಲಿ ಕೇಳಿದ ಎಲ್ಲ ಉಪನ್ಯಾಸಗಳಿಗಿಂತ ಆ ಚೆಲ್ಲಿದ ಚಹಾ ನನಗೆ ಚೆನ್ನಾಗಿ ಅರ್ಥವಾಯಿತು.

ಆಂಧ್ರ, ಸ್ವಲ್ಪ ಹೊತ್ತು

ಪಾವಗಡದ ಬಸ್ಸಿನಲ್ಲಿ ಕುಳಿತು ಒಂದು ನಿದ್ದೆ ಮಾಡಿ ಎದ್ದರೆ ಹೊರಗಿನ ಬೋರ್ಡುಗಳೆಲ್ಲ ತೆಲುಗಾಗಿದ್ದವು. ಊರು ದಾಟಿ ಹೋದೆನೆಂದು ಎದ್ದುನಿಂತು ಕೂಗಿಕೊಂಡೆ. ಇಡೀ ಬಸ್ಸಿಗೆ ಮಜಾ. "ಕೂತ್ಕೊಳ್ಳಿ ಮೇಡಂ, ಇದು ಆಂಧ್ರ. ಇನ್ನೊಂದು ಚೂರು ಹೋದ್ರೆ ಮತ್ತೆ ನಮ್ದೇ ಬರ್ತೈತೆ." ರಾಜ್ಯವೊಂದು ಹೀಗೆ ದಾರಿಯಲ್ಲಿ ಸಿಕ್ಕಿ, ಮಾತಾಡಿಸಿ, ಬಿಟ್ಟುಹೋಗುವುದನ್ನು ನಾನು ಹಿಂದೆಂದೂ ಕಂಡಿರಲಿಲ್ಲ.

ಅಲ್ಲಿಂದ ಮುಂದೆ ಒಂದು ಪದ ಬದಲಾಯಿತು. ಕೊರಟಗೆರೆ, ಮಧುಗಿರಿಯಲ್ಲಿ ಜನ 'ಹದ' ಎನ್ನುತ್ತಿದ್ದರು, ಬಿತ್ತುವಷ್ಟು ನೆಲ ನೆನೆದಿರುವುದಕ್ಕೆ. ಇಲ್ಲಿ ಹತ್ತಿದವರು 'ಪದುನು' ಎನ್ನತೊಡಗಿದರು. ನಮ್ಮ ಹಾಲು ಹಿಂದೊಮ್ಮೆ ಪಾಲಾಗಿತ್ತಲ್ಲ, ಹಾಗೆ ಈ ಹದದ ಪಕಾರವನ್ನು ಗಡಿಯಾಚೆಯವರು ಬಿಡದೆ ಇಟ್ಟುಕೊಂಡಿದ್ದಾರೆ. ನನಗೆ ಕುಣಿಯುವಷ್ಟು ಸಂತೋಷವಾಯಿತು. ಆದರೆ ಪದದ ಮೇಲಷ್ಟೇ ಕಣ್ಣಿಟ್ಟೆ. ಅದನ್ನು ಏನಿಟ್ಟು ಅಳೆಯುತ್ತಾರೆ ಎಂದು ಕೇಳಲಿಲ್ಲ.

ಪಾವಗಡ

ಪಾವಗಡದಿಂದ ಸುಜಾತಾಳ ಊರಿಗೆ ಆಟೋ. ಅರ್ಧ ದಾರಿಯಲ್ಲಿ ದೂರಕ್ಕೆ ನೀಲಿಯಾಗಿ, ಬಿಸಿಲಿಗೆ ಮಿನುಗುತ್ತ, ಕಣ್ಣು ಹೋಗುವವರೆಗೆ ನೀರು! "ಎಷ್ಟು ದೊಡ್ಡ ಕೆರೆ!" ಎಂದು ಚೀರಿದೆ.

ಆಟೋದವರು ಗಾಡಿ ನಿಧಾನ ಮಾಡಿದರು. "ಕೆರೆ ಅಲ್ಲಮ್ಮ. ಕರೆಂಟು."

ಸೋಲಾರ್ ಹಲಗೆಗಳು. ಅವುಗಳ ನೆರಳಿನಲ್ಲಿ ಕುರಿಗಳು ಮೇಯುತ್ತಿದ್ದವು. ಇದೇ ತಾಲ್ಲೂಕಿನಲ್ಲಿ ಕೆಲವರು ಮೋಡವೇ ಬಾರದಿರಲಿ ಎಂದು ಆಕಾಶ ನೋಡುತ್ತಾರೆ. ಸುಜಾತಾ ಇನ್ನೊಂದು ಕಾರಣಕ್ಕೆ ನೋಡುತ್ತಾಳೆ.

ಅವಳ ಮನೆಯ ನಡುಮನೆಯಲ್ಲಿ ಹೆಜ್ಜೆಯಿಡಲು ಜಾಗವಿರಲಿಲ್ಲ. ಹನ್ನೆರಡು ಮನೆಗಳ ಸುಲಿದ ಬೀಜದ ಚೀಲಗಳು. ಇಡೀ ಮನೆ ಹಸಿ ಕಡಲೆಬೀಜದ ವಾಸನೆ. ಗೋಡೆಯ ಒಂದೇ ಮೊಳೆಗೆ ಒಂದರ ಮೇಲೊಂದು ಕ್ಯಾಲೆಂಡರುಗಳು, ದಿಂಬಿನಷ್ಟು ದಪ್ಪ. ಮದುವೆಯಾಗಿ ಬಂದ ವರ್ಷದಿಂದ ಒಂದನ್ನೂ ಎಸೆದಿಲ್ಲ. ತಾರೀಕಿನ ಚೌಕಗಳಲ್ಲಿ ಪೆನ್ನಿನಿಂದ 'ಬಂತು', 'ಇಲ್ಲ', 'ತುಂತುರು', ಮತ್ತೆ ವರ್ಷಕ್ಕೊಮ್ಮೆ ದೊಡ್ಡದಾಗಿ 'ಬಿತ್ನೆ'.

ಅವಳು ಕೆಳಗಿನಿಂದ ಒಂದೊಂದಾಗಿ ತಿರುವಿದಳು. ಹಳೆಯವುಗಳಲ್ಲಿ 'ಬಿತ್ನೆ' ಜೂನಿನ ಕೊನೆಯ ಸಾಲಿನಲ್ಲಿತ್ತು. ನಡುವಿನವುಗಳಲ್ಲಿ ಜುಲೈಗೆ ಇಳಿಯಿತು. ಈಚಿನವುಗಳಲ್ಲಿ ಆಗಸ್ಟಿನ ಬಾಗಿಲಿಗೆ ಬಂದಿತ್ತು. ನೇರವಾಗಿ ಇಳಿದಿರಲಿಲ್ಲ, ಮೇಲೆ ಕೆಳಗೆ ಎಡವುತ್ತ ಇಳಿದಿತ್ತು. ಒಂದೆರಡು ವರ್ಷ ಆ ಪದವೇ ಇರಲಿಲ್ಲ. ಅಚ್ಚಾದ ಮಳೆ ನಕ್ಷತ್ರಗಳು ಮಾತ್ರ ಪ್ರತಿ ವರ್ಷ ಅದೇ ಜಾಗದಲ್ಲಿ, ರೋಹಿಣಿ, ಮೃಗಶಿರ, ಆರಿದ್ರೆ.

"ಒಟ್ನಾಗೆ ಮಳೆ ಕಮ್ಮಿ ಆಗೈತೆ ಅನ್ನಂಗಿಲ್ಲ ಅಕ್ಕ. ನಡುವೆ ನಡುವೆ ತೂತು ದೊಡ್ಡದಾಗೈತೆ. ಆ ತೂತಿಗೆ ಬೀಜ ಹಾಕಬಾರ್ದು, ಅಷ್ಟೇ ನಾನು ಹೇಳಾದು."

"ನಮ್ಮ ಕಾಲದಾಗೆ ಮೃಗಶಿರ ತಪ್ತಾನೇ ಇರ್ಲಿಲ್ಲ." ಒಳಗಿನಿಂದ ಹೇಳಿದವರು ಅವಳ ಅತ್ತೆ, ಹನುಮಕ್ಕ. ಎತ್ತರದ, ನೆಟ್ಟಗಿನ ಹೆಂಗಸು. ಮಾತಿನಲ್ಲಿ ಕನ್ನಡ ಎಲ್ಲಿ ಮುಗಿದು ತೆಲುಗು ಎಲ್ಲಿ ಶುರುವಾಗುತ್ತದೆಂದು ಅವರಿಗೇ ಗೊತ್ತಿರಲಿಕ್ಕಿಲ್ಲ.

ಸುಜಾತಾ ತಳದಿಂದ ಎರಡನೆಯ ಕ್ಯಾಲೆಂಡರನ್ನು ಎಳೆದು ತೋರಿಸಿದಳು. "ನೋಡ್ ಅತ್ತೆ, ನಾನು ಬಂದ ಎರಡ್ನೇ ವರ್ಷ. ಮೃಗಶಿರ, ಇಲ್ಲ."

ಹನುಮಕ್ಕ ನೋಡಲೂ ಇಲ್ಲ. "ಆ ವರ್ಷ ಒಂದು ಬುಡು."

ಸಂಜೆಗೆ ಮೊದಲು ಹಿತ್ತಿಲಿನಲ್ಲಿ ಇಟ್ಟಿಗೆ ಕಟ್ಟಿ ಡಬ್ಬಿಯನ್ನು ಕೂರಿಸಿದೆವು. ಎಷ್ಟು ಮಳೆಗೆ ಬಿತ್ತಬಹುದೆಂದು ಸುಜಾತಾ ಕೃಷಿ ಇಲಾಖೆಯವರನ್ನು ಮೊದಲೇ ಕೇಳಿಟ್ಟುಕೊಂಡಿದ್ದಳು. ಅಳತೆಗಾಜಿನಲ್ಲಿ ಆ ಗೀಟಿಗೆ ಒಂದು ಕೆಂಪು ದಾರ ಕಟ್ಟಿದಳು. ನೀರು ದಾರ ಮುಟ್ಟಿದ ದಿನ ಬಿತ್ತನೆ. ಬಾಟಲಿಯಲ್ಲಿ ನಾಣ್ಯ ಗಲಗಲ ಎಂದಾಗ ಹನುಮಕ್ಕನಿಗೆ ಗೊರವನಹಳ್ಳಿ ಬಸ್ಸಿನ ಕತೆ ಹೇಳಿದೆ. ನಗಲೆಂದು ಹೇಳಿದ್ದು. ಅವರು ನಗಲಿಲ್ಲ. ಕೈ ಮುಗಿದರು.

ಪಾವಗಡ, ಮರುದಿನ

ಆ ಸಂಜೆ ತುಂತುರು ಬಿದ್ದಿತ್ತು. ಅಂಗಳದ ಧೂಳಿನ ಮೇಲೆ ಗೋಧಿ ಕಾಳು ಚೆಲ್ಲಿದಂಥ ಗುರುತು, ಅಷ್ಟೇ. ಬೆಳಿಗ್ಗೆ ಸುಜಾತಾ ಬಾಟಲಿಯ ನೀರನ್ನು ಗಾಜಿಗೆ ಸುರಿದಳು. ಏರಿತು. ಏರುತ್ತಲೇ ಇತ್ತು. ದಾರ ಮುಳುಗಿತು.

ನಾನು ಕಿರುಚಿದೆ ಎಂದು ಆಮೇಲೆ ಹೇಳಿದರು.

"ಸದ್ದೇ ಕೇಳ್ಲಿಲ್ವಲ್ಲ ಅತ್ತಿಗೆ?" ಎಂದ ಗಂಗಾಧರ, ಸುಜಾತಾಳ ಮೈದುನ, ಟ್ರ್ಯಾಕ್ಟರ್ ಅವನದು.

"ಫ್ಯಾನ್ ಹಾಕ್ಕಂಡು ಮಲಗ್ದೋನಿಗೆ ಏನಪ್ಪ ಕೇಳ್ತೈತೆ?"

ಗಾಜನ್ನು ಬಿಸಿಲಿಗೆ ಹಿಡಿದಾಗ ನೀರು ತುಸು ಹಳದಿಯಾಗಿತ್ತು. ನಾನು ನೋಡಿದೆ. ಹಳೆಯ ತಗಡು, ತುಕ್ಕಿರಬೇಕು ಎಂದೆ. ಡಬ್ಬಿಯ ಬಾಯಿಗೆ ಅರಿಶಿನ ಕುಂಕುಮ ಹಚ್ಚಿದ್ದನ್ನೂ ನೋಡಿದೆ. ಟ್ರ್ಯಾಕ್ಟರಿಗೂ ಹಚ್ಚುವ ಮನೆಯಲ್ಲಿ ಅದೇನು ವಿಶೇಷ? ವಿಜ್ಞಾನ ಕಲಿಸುವವಳು ನಾನು. ನನಗೆ ಆ ನೀರು ಮಳೆಯೇ ಆಗಬೇಕಿತ್ತು.

ಅರ್ಧ ಗಂಟೆಯಲ್ಲಿ ಹನ್ನೆರಡು ಮನೆಯ ಹೆಂಗಸರು ಹೊಲದ ಬದುವಿನಲ್ಲಿ ನೆರೆದಿದ್ದರು. ಮೊದಲ ಚೀಲ ಬಿಚ್ಚಿ ಕೂರಿಗೆಯ ಪೆಟ್ಟಿಗೆಗೆ ಸುರಿದರು. ಟ್ರ್ಯಾಕ್ಟರ್ ಹೊರಟಿತು. ಅರ್ಧ ಸಾಲು ಹೋಗಿರಬಹುದು. ಹಿಂದಿನಿಂದ ಬಂದ ಹನುಮಕ್ಕ ಯಾರನ್ನೂ ಮಾತಾಡಿಸದೆ, ಕೂತು, ಬಲಗೈ ಬೆರಳುಗಳನ್ನು ಜೋಡಿಸಿ ನೆಲಕ್ಕೆ ಚುಚ್ಚಿದರು. ಬೆರಳಿನ ಮೊದಲ ಗೆಣ್ಣಿನವರೆಗೆ ಮಾತ್ರ ಮಣ್ಣು ಕಪ್ಪಾಗಿತ್ತು. ಅದರ ಕೆಳಗೆ ಬರೀ ಹಿಟ್ಟು.

"ಆಪು ರಾ ಗಂಗಾಧರ!" ಎಂದು ಕೂಗಿದರು. "ಪದುನು ಲೇದು. ಯಾರಮ್ಮ ಬಿತ್ತು ಅಂದಿದ್ದು?"

ಟ್ರ್ಯಾಕ್ಟರ್ ನಿಂತಿತು. ಸುಜಾತಾ ಅಳತೆಗಾಜನ್ನು ಎತ್ತಿ ಹಿಡಿದಳು. "ಗಾಜು ಹೇಳ್ತೈತಲ್ಲ ಅತ್ತೆ. ದಾರ ಮುಳುಗೈತೆ ನೋಡು."

"ಗಾಜಿಗೆ ನೀರು ಹಾಕಿದ್ದು ನಾನು. ಭೂಮಿಗೆ ಯಾರು ಹಾಕಿದ್ರು?"

ಹನುಮಕ್ಕನಿಗೆ ತಾನು ಹೇಳಿದ್ದರಲ್ಲಿ ಏನು ತಪ್ಪಿದೆಯೆಂದೇ ತಿಳಿಯಲಿಲ್ಲ. ಮನೆಗೆ ಬಂದ ಪಾತ್ರೆಯನ್ನು ಬರಿದಾಗಿ ಇಡುತ್ತಾರೆಯೇ? ಅದೂ ಗೊರವನಹಳ್ಳಿ ಲಕ್ಷ್ಮಿಯ ಕಾಸು ಒಳಗಿರುವಾಗ? ದೀಪ ಹಚ್ಚಿದ ಮೇಲೆ ಅರಿಶಿನ ಕದಡಿ ಒಂದು ಚೊಂಬು ನೀರು ಹಾಕಿ ಬಂದಿದ್ದಾರೆ. "ಬರೀ ಬಾಯಿ ಬುಟ್ಕಂಡು ಕುಂತಿದ್ರೆ ಮಳೆ ಹೆಂಗಮ್ಮ ಬರ್ತೈತೆ ಅದಕ್ಕೆ?"

ಮೊದಲು ನಕ್ಕದ್ದು ಗಂಗಾಧರ. "ಅತ್ತಿಗೆ, ನಿಮ್ ಸೀಸೆಗಿಂತ ನಮ್ಮಮ್ಮನ ಕೈನೇ ವಾಸಿ." ಕೆಲವರು ನಕ್ಕರು. ನಗದವರ ಮುಖಗಳನ್ನು ಸುಜಾತಾ ನೋಡಿದಳು. ಅವರಿಗೆ ಒಂದು ಸಲ ಬೇಡ ಎಂದಿದ್ದಳು, ಇಂದು ಬನ್ನಿ ಎಂದು ಕರೆಸಿದ್ದಳು, ಈಗ ಮತ್ತೆ ಬೇಡ ಎನ್ನಬೇಕು. ಅವಳು ಸಾಲಿನ ಕೊನೆಯವರೆಗೆ ಒಬ್ಬಳೇ ನಡೆದು ಹೋಗಿ, ತಿರುಗಿ ಬಂದಳು.

"ಇವತ್ತು ಬ್ಯಾಡ. ತಪ್ಪು ನಂದೇ. ಕೈ ಹಾಕಿ ನೋಡ್ಬೇಕಾಗಿತ್ತು, ನೋಡ್ಲಿಲ್ಲ."

"ತಪ್ಪು ನಿಂದ್ಯಾಕಮ್ಮಿ," ಎಂದರು ಹನುಮಕ್ಕ, ಈಗ ಸ್ವಲ್ಪ ಮೆತ್ತಗೆ. "ಚೊಂಬು ನಂದು."

ತಪ್ಪು ನನ್ನದೂ ಹೌದು ಎಂದು ನಾನು ಹೇಳಿದೆನೇ? ಹೇಳಿದೆ ಎಂದು ನೆನಪು. ಆದರೆ ಈ ಊರಿನಲ್ಲಿ ನನ್ನ ನೆನಪು ನನಗೆ ಬೇಕಾದ ಹಾಗೆ ಮಾತಾಡುವುದನ್ನು ಕಲಿತಿದೆ, ಆದ್ದರಿಂದ ಬಿಡುತ್ತೇನೆ. ಖಚಿತವಾಗಿ ನಡೆದದ್ದು ಇಷ್ಟು. ಬಿದ್ದ ಅರ್ಧ ಸಾಲು ಬೀಜವನ್ನು ನಾವೆಲ್ಲ ಸಾಲಾಗಿ ಕುಕ್ಕರಗಾಲಿನಲ್ಲಿ ಕೂತು ಮಣ್ಣಿನಿಂದ ಹೆಕ್ಕಿದೆವು. ಒಂದೊಂದೇ. ತಿಳಿಗುಲಾಬಿ ಬೀಜ, ಮೈಗೆಲ್ಲ ಕೆಂಪು ಧೂಳು. ಬಿತ್ತಿದ್ದನ್ನು ವಾಪಸು ಕೇಳುವ ಇಂಥ ಕೆಲಸ ಜೀವನದಲ್ಲಿ ಮತ್ತೆಂದಾದರೂ ಸಿಕ್ಕೀತೇ! ನನ್ನ ಪಕ್ಕದಲ್ಲಿದ್ದಾಕೆ ಎಣ್ಣೆಯಂಥ ಬೆವರು ಒರೆಸುತ್ತ, "ಎಲ್ಲ ಸಿಕ್ತಾವೆ ಬುಡಕ್ಕ, ಇನ್ನೂ ನಿದ್ದೇನೇ ಹತ್ತಿಲ್ಲ ಅವಕ್ಕೆ" ಎಂದಳು.

ಮನೆಗೆ ಬಂದ ಸುಜಾತಾ ಕ್ಯಾಲೆಂಡರಿನ ಮುಂದೆ ಬಹಳ ಹೊತ್ತು ಪೆನ್ನು ಹಿಡಿದು ನಿಂತಳು. ಆಮೇಲೆ ಆ ದಿನದ ಚೌಕದಲ್ಲಿ ಬರೆದಳು: 'ಅತ್ತೆ ಮಳೆ. ಒಂದು ಚೊಂಬು.'

ಚಿತ್ತೆ ಮಳೆ ಇದೆ, ಸ್ವಾತಿ ಮಳೆ ಇದೆ. ಸಂಜೆಯೊಳಗೆ ಈ ಹೊಸ ನಕ್ಷತ್ರದ ಹೆಸರು ಊರೆಲ್ಲ ಹಬ್ಬಿತ್ತು. ಬೀದಿಯಲ್ಲಿ ಹೋಗುವವರು "ಏನ್ ಹನುಮಕ್ಕ, ನಾಳೆ ಎಷ್ಟು ಚೊಂಬು?" ಎಂದು ಕೂಗುತ್ತಿದ್ದರು. ಆಕೆಯೂ ಸುಮ್ಮನಿರಲಿಲ್ಲ. "ನಿನ್ ತಲೆ ಮ್ಯಾಲೇ ಹುಯ್ತೀನಿ, ಬಾ ಇಲ್ಲಿ!" ಮಾರನೆಯ ದಿನ ಹನ್ನೆರಡು ಮನೆಯವರಲ್ಲಿ ಒಬ್ಬರೂ ತಮ್ಮ ಬೀಜದ ಚೀಲ ವಾಪಸು ಒಯ್ಯಲು ಬರಲಿಲ್ಲ. ಸುಜಾತಾ ಬಾಗಿಲಿಗೆ ಕಣ್ಣಿಟ್ಟು ಕುಳಿತಿದ್ದಳು. ಕತ್ತಲಾದ ಮೇಲೆಯೇ ಅನ್ನ ಉಂಡದ್ದು. ಅವತ್ತಿನಿಂದ ಕಟ್ಟಳೆ ಎರಡು. ಗಾಜಿನಲ್ಲಿ ದಾರ ಮುಳುಗಬೇಕು. ಹೊಲದಲ್ಲಿ ಅತ್ತೆಯ ಕೈ ಇಳಿಯಬೇಕು. ಎರಡೂ ಒಪ್ಪಿದ ದಿನ ಬಿತ್ತನೆ.

ಪುಷ್ಯ ಮುಗಿಯಿತು. ಮಳೆ ಬರಲಿಲ್ಲ. ನನ್ನ ರಜೆಯೂ ಮುಗಿಯಿತು.

ಶಿರಾ

ಹೊರಡುವಾಗ ಡಬ್ಬಿ ತಂದಿದ್ದ ಮರದ ಪೆಟ್ಟಿಗೆಯನ್ನು ಹನುಮಕ್ಕ ನನ್ನ ಕೈಗಿತ್ತರು. ಭಾರವಾಗಿತ್ತು. ಬರಿದಾಗಿ ಕಳಿಸುವ ಮನೆಯೇ ಅದು! ಹೋದ ವರ್ಷದ ಕಾಯಿ ಹುರಿದು, ಬೆಲ್ಲದ ಜೊತೆ ಮುಚ್ಚಳ ಮುಚ್ಚಲಾರದಷ್ಟು ತುಂಬಿದ್ದರು.

ಶಿರಾದ ಬಸ್ ನಿಲ್ದಾಣದಲ್ಲಿ ಊರಿನ ಬಸ್ಸಿಗೆ ಕಾಯುತ್ತ ಅದನ್ನು ಬಿಚ್ಚಿದೆ. ಬೆಂಚಿನ ಇನ್ನೊಂದು ತುದಿಯಲ್ಲಿ, ಹೆಗಲ ಮೇಲೆ ಮಡಿಸಿದ ಕಂಬಳಿ ಹಾಕಿಕೊಂಡ ಕುರಿಗಾಹಿಯೊಬ್ಬರಿದ್ದರು. ಅವರ ಮುಂದೂ ಪೆಟ್ಟಿಗೆ ಹಿಡಿದೆ. ಕಾಯಿ ಒಡೆದು ನೋಡಿ, "ಪಾವಗಡದ್ದು" ಎಂದರು. ಇಬ್ಬರೂ ತಿನ್ನುತ್ತಿದ್ದೆವು. ಬಿಸಿಲು ಚುರುಗುಟ್ಟುತ್ತಿತ್ತು. ಫೋನು ಬಂತು.

"ಅಕ್ಕಾ, ಬಂತು!"

ಮುಂದಿನದು ಕೇಳಿಸಲಿಲ್ಲ. ಭೋರೆಂಬ ಸದ್ದೊಂದೇ. ಸ್ಪೀಕರಿಗೆ ಹಾಕಿದೆ. ಕುರಿಗಾಹಿ ಬಾಯಾಡಿಸುವುದನ್ನು ನಿಲ್ಲಿಸಿ ಫೋನಿನ ಹತ್ತಿರ ಕಿವಿ ತಂದರು. ಹೆರಿಗೆ ಕೋಣೆಯ ಹೊರಗೆ ನಿಂತವರಂತೆ ಇಬ್ಬರೂ ಕೇಳಿದೆವು.

"ಒಳ್ಳೆ ಮಳೆನೇ ಕಣಮ್ಮ," ಎಂದರು ಅವರು ಕೊನೆಗೆ. "ಹನಿ ದಪ್ಪ ಐತೆ. ಗಾಳಿ ಇಲ್ಲ. ಇಳಿತೈತೆ ಇದು."

"ಅತ್ತೆ ಎಲ್ಲಿ ಸುಜಾತಾ?" ಎಂದು ಕೂಗಿದೆ.

"ಹಿತ್ಲಾಗೆ! ಡಬ್ಬಿ ಪಕ್ಕ ಛತ್ರಿ ಹಿಡ್ಕಂಡು ಕುಂತವ್ಳೆ. ಯಾರೂ ನೀರು ಹಾಕ್ಬಾರ್ದಂತೆ!"

ಈಗ ಈ ಪ್ರವಾಸದ ಬಗ್ಗೆ ಯಾರು ಕೇಳಿದರೂ ನಾನು ಆ ಮಳೆಯಲ್ಲಿ ನೆನೆದದ್ದನ್ನು ಹೇಳುತ್ತೇನೆ. ಹನುಮಕ್ಕನ ಛತ್ರಿ ಹಸಿರು ಬಣ್ಣದ್ದು, ಅದರ ಒಂದು ಕಡ್ಡಿ ಮುರಿದಿತ್ತು, ನೀರು ಅವರ ಎಡಭುಜದ ಮೇಲೆ ಬೀಳುತ್ತಿತ್ತು ಎಂದೆಲ್ಲ ಹೇಳುತ್ತೇನೆ. ಸ್ಪಷ್ಟವಾಗಿ ಕಾಣುತ್ತದೆ ನನಗೆ. ಆದರೆ ನಾನು ಅಲ್ಲಿರಲಿಲ್ಲ. ಶಿರಾದಲ್ಲಿ ಒಣಗಿಕೊಂಡು ಕಡಲೆಕಾಯಿ ತಿನ್ನುತ್ತಿದ್ದೆ. ಆ ಛತ್ರಿಯನ್ನು ನಾನು ನೋಡಿಯೇ ಇಲ್ಲ.

ನೋಡಿದ್ದು ಒಂದು ಫೋಟೋ. ಎರಡು ದಿನದ ಮೇಲೆ, ಕುಂದಾಪುರದಲ್ಲಿ, ಮಳೆಗೆ ರಜೆ ಸಿಕ್ಕ ಬೆಳಿಗ್ಗೆ ಅದು ಬಂತು. ಕ್ಯಾಲೆಂಡರಿನ ಒಂದು ಚೌಕ. ಅಕ್ಷರ ಗಡಿಬಿಡಿಯದು, ಪೆನ್ನು ಕಾಗದ ಹರಿದಿದೆ:

'ಆಶ್ಲೇಷ. ಗಾಜು, ದಾರ ಮುಳುಗ್ತು. ಅತ್ತೆ ಕೈ, ಮಣಿಕಟ್ಟು ಮಟ. ಬಿತ್ನೆ.'